ನಿಜಾಮರ ನೋಟು, ಪ್ರಜೆಯ ನಂಬಿಕೆ

ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು (1886–1967) ಇಂದಿಗೂ ಜನರ ನೆನಪಿನಲ್ಲಿರುವುದು ಅವರ ವಜ್ರಭಂಡಾರದಿಂದಾಗಿ. ಆದರೆ ಅವರ ಆಳ್ವಿಕೆ ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿಗಳ ಮನೆಮನೆಯನ್ನೂ ಮುಟ್ಟಿದ್ದು ಕಾಗದದ ಹಣದ ಮೂಲಕ.

1911ರಲ್ಲಿ ಅವರು ಪಟ್ಟವೇರಿದಾಗ ಸಂಸ್ಥಾನದಲ್ಲಿ ಹಾಲಿ ಸಿಕ್ಕಾ ಎಂಬ ಬೆಳ್ಳಿ ರೂಪಾಯಿ ಚಲಾವಣೆಯಲ್ಲಿತ್ತು. ದೇಶೀಯ ಸಂಸ್ಥಾನಗಳು ನೋಟು ಹೊರಡಿಸುವುದು ಬ್ರಿಟಿಷರಿಗೆ ಒಪ್ಪಿಗೆಯಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವ ತಲೆದೋರಿತು. ನಿಜಾಮರು ಯುದ್ಧಕ್ಕೆ ಧಾರಾಳವಾಗಿ ನೆರವಿತ್ತರು. ಫಲವಾಗಿ ಬ್ರಿಟಿಷರು ಮಣಿದರು. 1918ರಲ್ಲಿ 10 ಮತ್ತು 100 ರೂಪಾಯಿಗಳ, 1919ರಲ್ಲಿ 1 ಮತ್ತು 5 ರೂಪಾಯಿಗಳ, 1926ರಲ್ಲಿ 1000 ರೂಪಾಯಿಯ ನೋಟುಗಳು ಬಂದವು. ಮೊದಲು ವಾಟರ್ಲೋ ಸಂಸ್ಥೆಯಲ್ಲಿ, ಮುಂದೆ ನಾಸಿಕದಲ್ಲಿ ಅವುಗಳ ಮುದ್ರಣ ನಡೆಯಿತು.

ಸಂಸ್ಥಾನದ ಆಡಳಿತ ಭಾಷೆ ಉರ್ದು. ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಆದರೂ ನೋಟಿನ ಮೌಲ್ಯವನ್ನು ಕನ್ನಡ, ತೆಲುಗು, ಮರಾಠಿಗಳಲ್ಲಿಯೂ ಮುದ್ರಿಸಲಾಯಿತು. ಕಚೇರಿಯಲ್ಲಿ ಸಲ್ಲದ ಕನ್ನಡ ಹಣದ ಮೇಲೆ ಸಂದಿತು. ಬೆಳ್ಳಿಯ ಬದಲು ಕಾಗದವನ್ನು ಸ್ವೀಕರಿಸಬೇಕಾದ ರೈತನ ನಂಬಿಕೆ ಸರ್ಕಾರಕ್ಕೆ ಅಷ್ಟು ಅಗತ್ಯವಾಗಿತ್ತು.

ಈ ನಂಬಿಕೆಗೆ ಗಡಿಯಲ್ಲಿ ನಿತ್ಯವೂ ಪರೀಕ್ಷೆ. ಅಫಜಲಪುರ, ಜೇವರ್ಗಿಗಳಿಗೆ ಬ್ರಿಟಿಷರ ಬಿಜಾಪುರ ಜಿಲ್ಲೆ ನೆರೆ. ಆಳಂದಕ್ಕೆ ಸೊಲ್ಲಾಪುರ ಸಮೀಪ. ಅತ್ತ ಸಲ್ಲುತ್ತಿದ್ದುದು ಕಲ್ದಾರ್ ರೂಪಾಯಿ. 6 ಕಲ್ದಾರಿಗೆ ಹೆಚ್ಚುಕಡಿಮೆ 7 ಹಾಲಿ ರೂಪಾಯಿ ತೆರಬೇಕಿತ್ತು.

ದೇಶ ಸ್ವತಂತ್ರವಾದ ಬಳಿಕ ನಿಜಾಮರು ಭಾರತವನ್ನು ಸೇರಲು ಹಿಂಜರಿದರು. 1947ರ ಕೊನೆಯಲ್ಲಿ ಅವರ ಸರ್ಕಾರ ಭಾರತದ ನಾಣ್ಯಕ್ಕೆ ಸಂಸ್ಥಾನದಲ್ಲಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಡಲು ಮುಂದಾಯಿತು. ರಾಜಕೀಯದ ಜೂಜಿನಲ್ಲಿ ಪಣಕ್ಕೆ ಬಿದ್ದುದು ಪ್ರಜೆಯ ಉಳಿತಾಯ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಆ ಆಳ್ವಿಕೆ ಮುಗಿಯಿತು.

ಅರಸೊತ್ತಿಗೆ ಹೋಯಿತು, ನೋಟು ಮಾತ್ರ ರದ್ದಿಯಾಗಲಿಲ್ಲ. 7 ಹಾಲಿ ರೂಪಾಯಿಗೆ 6 ಭಾರತೀಯ ರೂಪಾಯಿಯ ದರವನ್ನು ಮಾನ್ಯಮಾಡಲಾಯಿತು. 1951ರಲ್ಲಿ ಹೊಸ ಹಾಲಿ ನೋಟುಗಳ ನೀಡಿಕೆ ನಿಂತಿತು. ಹಳೆಯವು 1959ರವರೆಗೆ ಸಂದವು. ಅಷ್ಟರಲ್ಲಿ ನಿಜಾಮರು ರಾಜಪ್ರಮುಖರಾಗಿ 1956ರಲ್ಲಿ ಆ ಸ್ಥಾನವನ್ನೂ ಬಿಟ್ಟಿದ್ದರು. 1967ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಜಗತ್ತಿನ ಅತಿ ಶ್ರೀಮಂತನೆನಿಸಿದ ದೊರೆಯ ಸಹಿ ಬಿದ್ದ ಆಳ್ವಿಕೆಯಲ್ಲಿ ಹುಟ್ಟಿದ ನೋಟಿಗೆ ಕಡೆಗೆ ಬೆಲೆ ಉಳಿಸಿಕೊಟ್ಟದ್ದು, ಹಿಂದಿನ ಸರ್ಕಾರದ ಋಣವನ್ನು ತನ್ನದೆಂದು ಒಪ್ಪಿಕೊಂಡ ಗಣರಾಜ್ಯ. ಹಣದ ಬೆಲೆ ಆಳುವವನ ಸಂಪತ್ತಿಗಿಂತ ಸರ್ಕಾರದ ವಚನಪಾಲನೆಯನ್ನೇ ಅವಲಂಬಿಸಿದೆ. ಆಳುವವರು ಯಾರೇ ಇರಲಿ, ಈ ಪಾಠ ಹಳತಾಗುವುದಿಲ್ಲ.