ಏಳು ತಂತಿಯ ಪಿಟೀಲಿನ ಚೌಡಯ್ಯ

ಮಕ್ಕಳೇ, ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಸೊರಬ, ಶಿಕಾರಿಪುರದ ಕಡೆಯ ಬಯಲಾಟವನ್ನೂ ನೋಡಿರುತ್ತೀರಿ. ಆಟ ರಂಗೇರಿದಾಗ ಒಮ್ಮೆಲೇ ಕರೆಂಟು ಹೋದರೆ ಏನಾಗುತ್ತದೆ? ದೀಪದ ಚಿಂತೆ ಹೇಗೋ ನೀಗುತ್ತದೆ. ಆದರೆ ಮೈಕು ನಿಂತುಬಿಡುತ್ತದೆ. ಮುಂದೆ ಚಾಪೆ ಹಾಸಿ ಕುಳಿತವರಿಗೆ ಭಾಗವತರ ಪದ ಕೇಳುತ್ತದೆ, ಹಿಂದೆ ನಿಂತವರಿಗೆ ಚಂಡೆ ಮಾತ್ರ ಕೇಳುತ್ತದೆ. ಪದ ಕೇಳದವರು ತಮ್ಮ ತಮ್ಮಲ್ಲೇ ಮಾತಿಗೆ ಶುರುಮಾಡುತ್ತಾರೆ. ಆ ಗದ್ದಲದಲ್ಲಿ ಮುಂದಿದ್ದವರಿಗೂ ಪದ ಕೇಳದಂತಾಗುತ್ತದೆ.

ನೂರು ವರ್ಷಗಳ ಹಿಂದೆ ನಮ್ಮ ನಾಡಿನ ಸಂಗೀತಗಾರರ ಪಾಡು ದಿನವೂ ಹೀಗೆಯೇ ಇತ್ತು. ಈ ತೊಂದರೆಗೆ ತನ್ನದೇ ಆದ ಪರಿಹಾರ ಹುಡುಕಿದ ಒಬ್ಬ ಪಿಟೀಲುಗಾರರ ಕಥೆಯನ್ನು ಈಗ ನಿಮಗೆ ಹೇಳುತ್ತೇನೆ. ಅವರ ಹೆಸರು ಟಿ. ಚೌಡಯ್ಯ. 'ಟಿ' ಎಂದರೆ ತಿರುಮಕೂಡಲು, ಅವರ ಊರು.

ಮೈಸೂರು ಜಿಲ್ಲೆಯ ತಿರುಮಕೂಡಲು ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಜಾಗ. ಚೌಡಯ್ಯ ಹುಟ್ಟಿದ್ದು 1895ರಲ್ಲಿ. ಹದಿನೈದರ ಹರೆಯದಲ್ಲಿ, 1910ರಲ್ಲಿ, ಅವರು ಮೈಸೂರಿನ ದೊಡ್ಡ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹಾಡುಗಾರರು, ತುಂಬಾ ಕಟ್ಟುನಿಟ್ಟಿನ ಗುರುಗಳು. ಹಾಡುಗಾರರ ಬಳಿ ಪಿಟೀಲು ಕಲಿಯುವುದೇ ಎಂದು ಆಶ್ಚರ್ಯಪಡಬೇಡಿ. ಕರ್ನಾಟಕ ಸಂಗೀತದಲ್ಲಿ ಪಿಟೀಲು ಗಂಟಲನ್ನೇ ಅನುಸರಿಸುತ್ತದೆ. ಹಾಡುಗಾರ ಎಳೆದಂತೆ ಎಳೆಯಬೇಕು, ನಿಲ್ಲಿಸಿದಲ್ಲಿ ನಿಲ್ಲಿಸಬೇಕು. ಸುಮಾರು ಎಂಟು ವರ್ಷ ಚೌಡಯ್ಯ ಗುರುಗಳ ಬಳಿ ಸಾಧನೆ ಮಾಡಿದರು. ಆಮೇಲೆ ಮೈಸೂರಿನಲ್ಲಿ, ಮದರಾಸಿನಲ್ಲಿ, ದಕ್ಷಿಣ ಭಾರತದ ಉದ್ದಗಲಕ್ಕೂ ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಲು ಅವರನ್ನು ಕರೆಯತೊಡಗಿದರು. ಚೆಂಬೈ ವೈದ್ಯನಾಥ ಭಾಗವತರಂಥ ಕಂಚಿನ ಕಂಠದವರ ಪಕ್ಕದಲ್ಲಿ ಕುಳಿತು ನುಡಿಸಿದವರು ಅವರು.

ಇಲ್ಲೇ ತೊಡಕು ಕಾಣಿಸಿಕೊಂಡದ್ದು. ಆಗ ಕಛೇರಿಗಳಲ್ಲಿ ಮೈಕು ಇರಲಿಲ್ಲ. ಜನ ಮಾತ್ರ ಹೆಚ್ಚುತ್ತಲೇ ಇದ್ದರು. ಅರಮನೆಯ ಕೋಣೆಯಲ್ಲಿ ಐವತ್ತು ಮಂದಿ ಕೇಳುತ್ತಿದ್ದ ಸಂಗೀತ ಚಪ್ಪರಕ್ಕೆ, ದೊಡ್ಡ ಸಭಾಂಗಣಕ್ಕೆ ಬಂದಿತ್ತು. ಗಾಯಕ ಗಂಟಲೆತ್ತಿ ಹಾಡಬಲ್ಲ. ಮೃದಂಗ ತಾನಾಗಿಯೇ ಜೋರು. ನಡುವೆ ಪಿಟೀಲಿನ ನಾದ ಸೊರಗಿ ಹೋಗುತ್ತಿತ್ತು. ಹಿಂದಿನ ಸಾಲಿನವರಿಗೆ ಕಮಾನು ಆಡುವುದು ಕಾಣುತ್ತಿತ್ತು, ನಾದ ಕೇಳುತ್ತಿರಲಿಲ್ಲ. ವರ್ಷಗಟ್ಟಲೆ ಕಷ್ಟಪಟ್ಟು ಕಲಿತದ್ದು ಕೇಳುವವರ ಕಿವಿಗೇ ತಲುಪದಿದ್ದರೆ ಕಲಾವಿದನ ಪಾಡೇನು, ನೀವೇ ಹೇಳಿ.

ಸದ್ದು ದೂರಕ್ಕೆ ಯಾಕೆ ಕ್ಷೀಣಿಸುತ್ತದೆ? ಬಲೂನು ಊದುವಾಗ ಗಮನಿಸಿ. ಬಲೂನು ದೊಡ್ಡದಾದಷ್ಟೂ ಅದರ ರಬ್ಬರು ತೆಳ್ಳಗಾಗುತ್ತದೆ, ಏಕೆಂದರೆ ಇರುವಷ್ಟೇ ರಬ್ಬರು ಹೆಚ್ಚು ಜಾಗಕ್ಕೆ ಹರಡಬೇಕು. ಸದ್ದಿನ ಶಕ್ತಿಯೂ ಹಾಗೆಯೇ ಸುತ್ತಲೂ ಹರಡುತ್ತಾ ತೆಳ್ಳಗಾಗುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದಿನ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ದೂರ ಮೂರರಷ್ಟಾದರೆ ಒಂಬತ್ತನೇ ಒಂದಕ್ಕೆ. ಚಂದ್ರಗುತ್ತಿಯ ದೇವಿಯ ಗುಹೆಯಲ್ಲಿ ಗಂಟೆ ಹೊಡೆದರೆ ಸದ್ದು ತುಂಬಿಕೊಂಡಂತೆ ಇರುತ್ತದಲ್ಲವೇ? ಅಲ್ಲಿ ಬಂಡೆಯ ಗೋಡೆಗಳು ಸದ್ದನ್ನು ಹರಡಲು ಬಿಡದೆ ಮತ್ತೆ ಮತ್ತೆ ಹಿಂದಕ್ಕೆ ಕಳಿಸುತ್ತವೆ. ಬಟ್ಟೆಯ ಚಪ್ಪರಕ್ಕೆ ಆ ಅನುಕೂಲ ಇಲ್ಲ.

ಇನ್ನು ಪಿಟೀಲಿನ ಒಳಗುಟ್ಟು ನೋಡೋಣ. ಬರಿಯ ತಂತಿಗೆ ಸದ್ದು ಮಾಡುವ ಶಕ್ತಿ ಬಹಳ ಕಡಿಮೆ. ತೆಳುವಾದ ತಂತಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಹೆಚ್ಚು ಗಾಳಿಯನ್ನು ತಳ್ಳುವುದಿಲ್ಲ. ಆದ್ದರಿಂದ ತಂತಿಯ ಕಂಪನವನ್ನು 'ಕುದುರೆ' ಎಂಬ ಮರದ ತುಂಡು ಮೇಲುಹಲಗೆಗೆ ದಾಟಿಸುತ್ತದೆ. ಮೇಲುಹಲಗೆಯಿಂದ ತಳದ ಹಲಗೆಗೆ ಒಳಗೆ ಒಂದು ಪುಟ್ಟ ಕಡ್ಡಿ ನಿಲ್ಲಿಸಿರುತ್ತಾರೆ. ಹಲಗೆಗಳೂ ಒಳಗಿನ ಗಾಳಿಯೂ ಕೂಡಿ ಕಂಪಿಸಿದಾಗಲೇ ನಮಗೆ ಕೇಳುವ ನಾದ ಹುಟ್ಟುವುದು. ಸೊರಬ, ಸಾಗರದ ಗುಡಿಗಾರರು ಮರದ ಎಳೆ ನೋಡಿ ಉಳಿ ಹಿಡಿಯುವಂತೆ, ಪಿಟೀಲು ಮಾಡುವವರು ಹಲಗೆಯನ್ನು ತಟ್ಟಿ ನೋಡಿ ಎಷ್ಟು ಹೆರೆಯಬೇಕೆಂದು ತೀರ್ಮಾನಿಸುತ್ತಾರೆ.

ಇದನ್ನು ನೀವೇ ಮಾಡಿ ನೋಡಿ. ಒಂದು ರಬ್ಬರ್ ಬ್ಯಾಂಡನ್ನು ಎರಡು ಬೆರಳಿಗೆ ಸಿಕ್ಕಿಸಿ ಮೀಟಿ. ಸದ್ದು ಅಷ್ಟಕ್ಕಷ್ಟೆ. ಅದನ್ನೇ ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಗೆ ಸುತ್ತಿ, ಕೆಳಗೆ ಎರಡು ಪೆನ್ಸಿಲ್ ತುಂಡು ಇಟ್ಟು ಮೀಟಿ. ಈಗ ಪೆನ್ಸಿಲ್ ತುಂಡೇ ಕುದುರೆ. ಖರ್ಚು ಒಂದು ರೂಪಾಯಿಯೂ ಇಲ್ಲ, ಸದ್ದು ಮಾತ್ರ ಎಷ್ಟೋ ಪಾಲು ಹೆಚ್ಚು. ಮನೆಯಲ್ಲಿ ಹಿರಿಯರ ಮೊಬೈಲ್ ಫೋನಿನಲ್ಲಿ ಹಾಡು ಹಾಕಿ ಖಾಲಿ ಸ್ಟೀಲ್ ಚೊಂಬಿನಲ್ಲಿ, ಆಮೇಲೆ ಮಣ್ಣಿನ ಕುಡಿಕೆಯಲ್ಲಿ ಇಟ್ಟು ನೋಡಿ. ನಾದ ಎರಡರಲ್ಲಿ ಬೇರೆ ಬೇರೆ. ನನಗೇನೋ ಕುಡಿಕೆಯದೇ ಇಷ್ಟ. (ಚೊಂಬಿನಲ್ಲಿ ನೀರಿಲ್ಲವೆಂದು ಮೊದಲು ನೋಡಿಕೊಳ್ಳಿ. ಒಮ್ಮೆ ನಾನು ನೋಡದೆ ಇಟ್ಟು ಫೋನನ್ನು ಎರಡು ದಿನ ಬಿಸಿಲಿಗೆ ಹಾಕಬೇಕಾಯಿತು.)

ಚೌಡಯ್ಯನವರ ಮುಂದೆ ಯಾವ ದಾರಿಗಳಿದ್ದವು? ದೊಡ್ಡ ಪೆಟ್ಟಿಗೆಯ ವಾದ್ಯ ಮಾಡಿಸಬಹುದಿತ್ತು, ಆದರೆ ಆಗ ಅದರ ಸ್ವರವೇ ಬದಲಾಗುತ್ತಿತ್ತು, ಕೈಬೆರಳಿನ ಅಳತೆಯೂ ತಪ್ಪುತ್ತಿತ್ತು. ಅವರು ಕೈಯಲ್ಲಿದ್ದ ವಾದ್ಯವನ್ನೇ ಮಾರ್ಪಡಿಸಲು ಹೊರಟರು. ಪಿಟೀಲಿಗೆ ಇರುವುದು ನಾಲ್ಕು ತಂತಿ. 1920ರ ದಶಕದ ಕೊನೆಯ ಹೊತ್ತಿಗೆ ಅವರು ಮೂರು ತಂತಿ ಸೇರಿಸಿ ಏಳು ಮಾಡಿದರು. ಹೆಚ್ಚುವರಿ ತಂತಿಗಳು ಮೊದಲಿನ ತಂತಿಗಳಿಗೆ ಜೊತೆಗಾರರು. ಒಂದು ಕಮಾನು ಎಳೆತಕ್ಕೆ ಜೋಡಿ ತಂತಿ ಒಟ್ಟಿಗೆ ನುಡಿಯಬೇಕು.

ಹೇಳುವುದು ಸುಲಭ. ಸಾಮಾನ್ಯ ಪಿಟೀಲಿನ ನಾಲ್ಕು ತಂತಿಗಳ ಒಟ್ಟು ಎಳೆತವೇ ಸುಮಾರು 20 ಕಿಲೋಗ್ರಾಂ ತೂಕ ನೇತುಹಾಕಿದಷ್ಟು. ಇಷ್ಟನ್ನು ತಡೆಯುವುದು ಕೆಲವೇ ಮಿಲಿಮೀಟರ್ ದಪ್ಪದ ಹಲಗೆ. ಅದರ ಮೇಲೆ ಇನ್ನೂ ಮೂರು ತಂತಿಯ ಭಾರ! ಬಿರಡೆಗಳಿಗೆ ಜಾಗ ಮಾಡಬೇಕು, ಕುದುರೆಯಲ್ಲಿ ಹೊಸ ಗೀರು ಬೇಕು. ಬೆರಳು ಒಂದು ತಂತಿಯ ಬದಲು ಎರಡನ್ನು ಸರಿಸಮನಾಗಿ ಒತ್ತಬೇಕು. ಶ್ರುತಿ ಮಾಡುವ ಕೆಲಸವಂತೂ ಕೇಳಲೇಬೇಡಿ. ಜೋಡಿಯಲ್ಲಿ ಒಂದು ತಂತಿ ಸೆಕೆಂಡಿಗೆ 240 ಸಲ, ಇನ್ನೊಂದು 243 ಸಲ ಕಂಪಿಸಿತೆನ್ನಿ. ಆಗ ಸೆಕೆಂಡಿಗೆ ಮೂರು ಸಲ ಸದ್ದು ಏರಿ ಇಳಿದು 'ವಾಂವ್ ವಾಂವ್' ಎನ್ನುತ್ತದೆ. ಇದಕ್ಕೆ ವಿಸ್ಪಂದ ಎಂದು ಹೆಸರು. ಮುಂದಿನ ತರಗತಿಗಳಲ್ಲಿ ಓದುತ್ತೀರಿ. ನಾಲ್ಕು ತಂತಿಯಲ್ಲಿ ಸಣ್ಣ ಅಪಶ್ರುತಿ ಮರೆಯಾದರೂ ಜೋಡಿ ತಂತಿಯಲ್ಲಿ ಮರೆಯಾಗದು.

ಇಲ್ಲೊಂದು ಪ್ರಶ್ನೆ. ಎರಡು ತಂತಿ ಇದ್ದರೆ ಸದ್ದು ಎರಡರಷ್ಟು ಜೋರಾಗಿ ಕೇಳುತ್ತದೆಯೇ? ಬಹಳ ಮಂದಿ ಹೌದು ಎನ್ನುತ್ತಾರೆ. ಆದರೆ ನಮ್ಮ ಕಿವಿ ಹಾಗೆ ಲೆಕ್ಕ ಹಾಕುವುದಿಲ್ಲ. ಒಂದು ಪಿಟೀಲಿನ ಸದ್ದು ಎರಡರಷ್ಟು ಜೋರಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು ಹತ್ತು ಪಿಟೀಲು ಬೇಕು! ಅಲ್ಲದೆ ತಂತಿಗೆ ಶಕ್ತಿ ಬರುವುದು ನುಡಿಸುವವರ ತೋಳಿನಿಂದ. ತಂತಿ ಹೆಚ್ಚಾದರೆ ತೋಳಿಗೆ ಕೆಲಸ ಹೆಚ್ಚು, ಅಷ್ಟೆ. ಹಾಗಾದರೆ ಚೌಡಯ್ಯನವರಿಗೆ ದಕ್ಕಿದ್ದೇನು? ನಾದದ ತುಂಬುತನ. ಒಂದೇ ಸ್ವರ ಕೆಳಗಿನ ಸ್ಥಾಯಿಯಲ್ಲಿ 240, ಮೇಲಿನ ಸ್ಥಾಯಿಯಲ್ಲಿ 480 ಕಂಪನಗಳಾಗಿ ಒಟ್ಟಿಗೆ ಕೇಳಿದರೆ, ಅಪ್ಪ ಮಗ ಒಂದೇ ಹಾಡನ್ನು ಕೂಡಿ ಹಾಡಿದಂತೆ ಕಿವಿ ತುಂಬುತ್ತದೆ. ಹನ್ನೆರಡು ತಂತಿಯ ಗಿಟಾರಿನ ಗುಟ್ಟೂ ಇದೇ. ಅದರಲ್ಲಿ ಆರು ಜೋಡಿ ತಂತಿಗಳಿದ್ದು, ನಾಲ್ಕು ಜೋಡಿಗಳು ಹೀಗೆ ಸ್ಥಾಯಿ ಅಂತರದಲ್ಲಿ ಇರುತ್ತವೆ.

ತುಂಬುತನದ ಜೊತೆಗೆ ಕಮಾನಿನ ಬಲವೂ ಬೇಕಿತ್ತು. ಚೌಡಯ್ಯನವರದು ಉದ್ದವಾದ, ಗಟ್ಟಿಯಾದ ಕಮಾನು ಎಳೆತಕ್ಕೆ ಹೆಸರಾದ ಕೈ. ನನ್ನ ಅಭಿಪ್ರಾಯ ಕೇಳಿದರೆ, ಹಿಂದಿನ ಸಾಲಿಗೆ ನಾದ ತಲುಪಿಸಿದ್ದರಲ್ಲಿ ಆ ತೋಳಿನ ಪಾಲು ಮೂರು ತಂತಿಗಳ ಪಾಲಿಗಿಂತ ಕಡಿಮೆಯೇನಲ್ಲ. ಕಮಾನಿನ ಕೂದಲಿಗೆ ರಾಳ ಹಚ್ಚಿರುತ್ತಾರೆ. ಅದು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಓಡುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಈ ಹಿಡಿದಾಟ ನಡೆಯುತ್ತದೆ. ಚೌಡಯ್ಯ ಮೈಸೂರಿನಲ್ಲಿ ಸಾಧನೆ ಮಾಡುತ್ತಿದ್ದ ಕಾಲದಲ್ಲೇ ಕೋಲ್ಕತ್ತದಲ್ಲಿ ಒಬ್ಬ ಯುವ ವಿಜ್ಞಾನಿ ಇದನ್ನು ಅಳೆಯುತ್ತಿದ್ದರು. ಪಿಟೀಲು ನುಡಿಸುವ ಒಂದು ಯಂತ್ರವನ್ನೇ ಅವರು ಕಟ್ಟಿಸಿದ್ದರು. ಕಮಾನು ಕುದುರೆಗೆ ಹತ್ತಿರವಾದಷ್ಟೂ ಹೆಚ್ಚು ಒತ್ತಡ ಬೇಕೆಂದು ಆ ಪ್ರಯೋಗಗಳು ತೋರಿಸಿದವು. ಅವರು ಯಾರೆಂದು ಊಹಿಸಿದಿರಾ? ಸರ್ ಸಿ. ವಿ. ರಾಮನ್! ಬೆಳಕಿನ ಸಂಶೋಧನೆಗೆ 1930ರಲ್ಲಿ ನೊಬೆಲ್ ಬಹುಮಾನ ಪಡೆಯುವ ಮೊದಲು ಅವರು ವರ್ಷಗಟ್ಟಲೆ ತಂತಿ, ಮೃದಂಗಗಳ ಹಿಂದೆ ಬಿದ್ದಿದ್ದರು.

ಏಳು ತಂತಿಯ ಪಿಟೀಲನ್ನು ಎಲ್ಲರೂ ಕೂಡಲೇ ಒಪ್ಪಿಕೊಳ್ಳಲಿಲ್ಲ. ಹಿರಿಯರಿಂದ ಬಂದ ವಾದ್ಯವನ್ನು ಬದಲಿಸುವುದೆಂದರೆ ಸಣ್ಣ ಮಾತಲ್ಲ. ಹೆಸರು ಬಂದಿದ್ದ ವಾದಕನಿಗೆ ಅದನ್ನು ಕಳೆದುಕೊಳ್ಳುವ ಭಯವೂ ಇರುತ್ತದೆ. ಆದರೂ ಚೌಡಯ್ಯ ಬಿಡಲಿಲ್ಲ. ಕಛೇರಿಯ ಮೇಲೆ ಕಛೇರಿಯಲ್ಲಿ ಅದನ್ನೇ ನುಡಿಸಿದರು. ಕೊನೆಗೆ ಏಳು ತಂತಿಯ ಪಿಟೀಲೆಂದರೆ ಚೌಡಯ್ಯ ಎಂಬಂತಾಯಿತು.

ಅದೇ ವರ್ಷಗಳಲ್ಲಿ ಭೂಮಿಯ ಇನ್ನೊಂದು ಬದಿಯಲ್ಲಿ, ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ, ಗಿಟಾರ್ ನುಡಿಸುವವರಿಗೂ ಇದೇ ಸಂಕಟ. ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರ್ ಕೇಳುತ್ತಿರಲಿಲ್ಲ. ಜಾರ್ಜ್ ಬೋಶಾಂಪ್ ಎಂಬ ವಾದಕ ಬೇರೆಯೇ ದಾರಿ ಹಿಡಿದ. ಗಿಟಾರಿನ ತಂತಿ ಉಕ್ಕಿನದು. ಅದರ ಬಳಿ ಅಯಸ್ಕಾಂತ ಇಟ್ಟು, ಕೂದಲಿನಂಥ ತಾಮ್ರದ ತಂತಿಯ ಸುರುಳಿ ಇಟ್ಟರೆ, ಉಕ್ಕಿನ ತಂತಿ ಅಲುಗಿದಂತೆಲ್ಲ ಸುರುಳಿಯಲ್ಲಿ ಪುಟ್ಟ ವಿದ್ಯುತ್ತು ಹುಟ್ಟುತ್ತದೆ. ಅದನ್ನು ವರ್ಧಕಕ್ಕೆ ಕೊಟ್ಟು ಸ್ಪೀಕರಿನಲ್ಲಿ ಕೇಳಬಹುದು. ಆ ಸುರುಳಿಯನ್ನು ಆತ ಹೊಲಿಗೆ ಯಂತ್ರದ ಮೋಟಾರಿನಿಂದ ಸುತ್ತಿದನೆಂದು ಹೇಳುತ್ತಾರೆ. 1930ರ ದಶಕದ ಮೊದಲ ವರ್ಷಗಳಲ್ಲಿ ಅವನೂ ಅಡಾಲ್ಫ್ ರಿಕೆನ್‌ಬ್ಯಾಕರ್ ಎಂಬುವನೂ ಕೂಡಿ ಅಲ್ಯೂಮಿನಿಯಂ ಗಿಟಾರನ್ನು ಮಾರಾಟಕ್ಕೆ ತಂದರು. ನೋಡಲು ಥೇಟ್ ಹಿಡಿಕೆ ಇರುವ ಬಾಣಲೆ. ಜನ ಅದನ್ನು ಬಾಣಲೆ ಎಂದೇ ಕರೆದರು! ಅದಕ್ಕೆ ಟೊಳ್ಳು ಪೆಟ್ಟಿಗೆ ಬೇಕಾಗಿರಲಿಲ್ಲ. ಗಾಳಿಯನ್ನು ತಳ್ಳುವ ಕೆಲಸ ಸ್ಪೀಕರಿನದು.

ನಿಮ್ಮಲ್ಲಿ ಯಾರಿಗಾದರೂ ಅಣ್ಣನ ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಸಿಕ್ಕಿದ್ದರೆ ಇದನ್ನು ನೆನಪಿಡಿ. ಅದಕ್ಕೆ ನೈಲಾನ್ ತಂತಿ ಹಾಕಿದರೆ ಸ್ಪೀಕರು ಮಾತೇ ಆಡದು, ಅಯಸ್ಕಾಂತಕ್ಕೆ ನೈಲಾನ್ ಕಾಣುವುದಿಲ್ಲ. ತಂತಿಗೆ ತುಕ್ಕು ಹಿಡಿದಿದ್ದರೆ ಮೊದಲು ತಂತಿ ಬದಲಿಸಿ, ಶ್ರುತಿ ಸರಿಮಾಡಿ. ಸುರುಳಿಯಿರುವ ಭಾಗವನ್ನು ತಂತಿಗೆ ಸ್ವಲ್ಪ ಹತ್ತಿರ ತಂದರೆ ಸದ್ದು ಏರುತ್ತದೆ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಸೆಳೆದು ಸ್ವರ ಕೆಡಿಸುತ್ತದೆ. ಹೊಸ ಪೆಟ್ಟಿಗೆ ಕೊಳ್ಳುವ ಮೊದಲು ಇದಿಷ್ಟು ಮಾಡಿ ನೋಡುವುದು ಒಳ್ಳೆಯದು.

ಚೌಡಯ್ಯನವರ ಕಥೆಗೆ ಮರಳೋಣ. ವರ್ಷಗಳು ಕಳೆದಂತೆ ನಮ್ಮ ಕಛೇರಿಗಳಿಗೂ ಮೈಕು ಬಂತು. ಹಿಂದಿನ ಸಾಲಿನ ತೊಂದರೆ ತೀರಿತು. ಆದರೂ ಅವರು ಏಳು ತಂತಿಯ ವಾದ್ಯವನ್ನು ಕೈಬಿಡಲಿಲ್ಲ. ಆ ನಾದ ಅವರ ಗುರುತಾಗಿತ್ತು. ಅವರು ಕೃತಿಗಳನ್ನೂ ರಚಿಸಿದರು. ಮೈಸೂರಿನಲ್ಲಿ ಸಂಗೀತ ಶಾಲೆ ನಡೆಸಿ ಶಿಷ್ಯರನ್ನು ಬೆಳೆಸಿದರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ 'ಸಂಗೀತ ಕಲಾನಿಧಿ' ಗೌರವ ದೊರೆಯಿತು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಅದೇ ವರ್ಷ ಬಂತು. 1967ರ ಜನವರಿ 19ರಂದು ಅವರು ತೀರಿಕೊಂಡರು. ಅವರ ನಂತರದ ಹೆಚ್ಚಿನ ಪಿಟೀಲುಗಾರರು ನಾಲ್ಕು ತಂತಿಗೇ ಮರಳಿದರು. ಮೈಕು ಇರುವಾಗ ಏಳು ತಂತಿಯ ಶ್ರುತಿ ಮಾಡುವ ತಾಪತ್ರಯ ಯಾರಿಗೆ ಬೇಕು?

ಬೆಂಗಳೂರಿನ ಮಲ್ಲೇಶ್ವರದ ಬಳಿ ಅವರ ನೆನಪಿಗೆ ಒಂದು ಸಭಾಂಗಣವಿದೆ. 1980ರಲ್ಲಿ ಕಟ್ಟಿ ಮುಗಿದ ಆ ಚೌಡಯ್ಯ ಸ್ಮಾರಕ ಭವನದ ಆಕಾರವೇ ಪಿಟೀಲು. ಗೋಡೆಯೆಲ್ಲ ವಾದ್ಯದ ಮೈಯಂತೆ ಬಾಗಿದೆ. ಮೇಲೆ ಕುದುರೆ, ಬಿರಡೆ, ತಂತಿ, ಪಕ್ಕದಲ್ಲಿ ಕಮಾನು. ಒಳಗೆ ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಶಾಲೆಯ ಪ್ರವಾಸದಲ್ಲಿ ಬೆಂಗಳೂರಿಗೆ ಹೋದರೆ ಎದುರಿಗೆ ನಿಂತು ತಂತಿಗಳನ್ನು ಎಣಿಸಿ.