ಸರ್ಪಮಂಡಲದ ಎರಡು ಮಸುಕುಗಳು ಮತ್ತು ಷಾರ್ಲ್ ಮೆಸ್ಸಿಯೇ

ಬೇಸಗೆಯ ರಜೆಯಲ್ಲಿ ಅಂಗಳದಲ್ಲಿ ಮಲಗಿ ಆಕಾಶವನ್ನು ನೋಡುವ ಅಭ್ಯಾಸವುಳ್ಳವರಿಗೆ ಸ್ವಾತಿ ಮತ್ತು ಜ್ಯೇಷ್ಠಾ ನಕ್ಷತ್ರಗಳು ಪರಿಚಿತವಾದವು. ಇವೆರಡರ ನಡುವಣ ಪ್ರದೇಶದಲ್ಲಿ ಅಷ್ಟೇನೂ ಕಾಂತಿಯಿಲ್ಲದ ಚುಕ್ಕೆಗಳ ಒಂದು ಡೊಂಕು ಸಾಲಿದೆ. ಪ್ರಾಚೀನ ಗ್ರೀಕರು ಇದನ್ನು ಹಾವಿನ ತಲೆಯೆಂದು ಕಂಡರು. ಈ ಹಾವನ್ನು ಎರಡು ಕೈಗಳಿಂದಲೂ ಹಿಡಿದು ನಿಂತವನೇ ಉರಗಧರ. ಅವನು ಅಸ್ಕ್ಲೇಪಿಯಸ್ ಎಂಬ ವೈದ್ಯನೆಂದೂ, ಒಂದು ಹಾವು ಸತ್ತುಹೋದ ಇನ್ನೊಂದು ಹಾವನ್ನು ಮೂಲಿಕೆಯಿಂದ ಬದುಕಿಸಿದ್ದನ್ನು ನೋಡಿ ಸತ್ತವರನ್ನು ಎಬ್ಬಿಸುವ ವಿದ್ಯೆಯನ್ನು ಕಲಿತನೆಂದೂ, ಇದನ್ನು ಸಹಿಸದ ದೇವರಾಜ ಸ್ಯೂಸ್ ಅವನನ್ನು ಸಿಡಿಲಿನಿಂದ ಕೊಂದು ಬಳಿಕ ಆಕಾಶದಲ್ಲಿ ನಿಲ್ಲಿಸಿದನೆಂದೂ ಗ್ರೀಕರ ಕಥೆ. ಜರ್ಮನಿಯ ಚಿತ್ರಕಾರ ಡ್ಯೂರರ್ ೧೫೧೫ರಲ್ಲಿ ಮರದ ಅಚ್ಚಿನಿಂದ ಮುದ್ರಿಸಿದ ನಕ್ಷತ್ರಪಟದಲ್ಲಿಯೂ, ೧೬೦೩ರಲ್ಲಿ ಬಾಯರ್ ಹೊರತಂದ ತಾರಾಪಟಗಳ ಪುಸ್ತಕದಲ್ಲಿಯೂ ಹಾವನ್ನು ಹಿಡಿದ ಈ ಪುರುಷನ ಚಿತ್ರವನ್ನು ನೋಡಬಹುದು. ಉರಗಧರನು ನಡುವೆ ನಿಂತುದರಿಂದ ಹಾವು ಎರಡು ತುಂಡಾಯಿತು. ಇಂದು ವಿಜ್ಞಾನಿಗಳು ಒಪ್ಪಿರುವ ೮೮ ನಕ್ಷತ್ರಮಂಡಲಗಳಲ್ಲಿ ತಲೆ ಒಂದೆಡೆ, ಬಾಲ ಇನ್ನೊಂದೆಡೆ ಇರುವುದು ಇದೊಂದೇ.

ಈ ತಲೆಯ ಭಾಗದಲ್ಲಿ ಒಂದು ಮಸುಕು ಬೆಳಕಿದೆ. ಬಾಲದ ಭಾಗದಲ್ಲಿ ಇನ್ನೊಂದಿದೆ. ೧೭೬೪ನೆಯ ಇಸವಿಯಲ್ಲಿ ಹನ್ನೊಂದೇ ದಿನಗಳ ಅಂತರದಲ್ಲಿ ಈ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದ ವ್ಯಕ್ತಿ ಫ್ರಾನ್ಸ್ ದೇಶದ ಷಾರ್ಲ್ ಮೆಸ್ಸಿಯೇ. ಆತನಿಗೆ ಅವು ಬೇಕಾಗಿರಲಿಲ್ಲ. ಆತನು ಹುಡುಕುತ್ತಿದ್ದುದೇ ಬೇರೆ. ಬೇಡವೆಂದು ಬರೆದಿಟ್ಟ ಆ ಪಟ್ಟಿಯೇ ಆತನ ಹೆಸರನ್ನು ಇಂದಿಗೂ ಉಳಿಸಿದೆ. ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಆತನ ಬಾಳನ್ನು ಸ್ವಲ್ಪ ನೋಡಬೇಕು.

ಮೆಸ್ಸಿಯೇ ಹುಟ್ಟಿದ್ದು ೧೭೩೦ನೆಯ ಜೂನ್ ೨೬ರಂದು, ಲೊರೇನ್ ಪ್ರಾಂತದ ಬಾದೊನ್‌ವಿಲೇ ಎಂಬ ಸಣ್ಣ ಊರಿನಲ್ಲಿ. ಹನ್ನೆರಡು ಮಕ್ಕಳ ದೊಡ್ಡ ಸಂಸಾರದಲ್ಲಿ ಆತನು ಹತ್ತನೆಯವನು. ಹನ್ನೊಂದನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡನು. ಹದಿಮೂರು ವರ್ಷದ ಹುಡುಗನಾಗಿದ್ದಾಗ, ೧೭೪೪ರಲ್ಲಿ, ಆರು ಬಾಲಗಳನ್ನು ಬೀಸಣಿಗೆಯಂತೆ ಹರಡಿಕೊಂಡ ಒಂದು ಮಹಾ ಧೂಮಕೇತು ಆಕಾಶದಲ್ಲಿ ಕಾಣಿಸಿಕೊಂಡಿತು. ೧೭೪೮ರಲ್ಲಿ ಸೂರ್ಯಗ್ರಹಣವೊಂದನ್ನೂ ನೋಡಿದನು. ಈ ಎರಡು ನೋಟಗಳು ಹುಡುಗನ ಮನಸ್ಸನ್ನು ಆಕಾಶದ ಕಡೆಗೆ ತಿರುಗಿಸಿಬಿಟ್ಟವು.

೧೭೫೧ರಲ್ಲಿ ಹೊಟ್ಟೆಪಾಡಿಗಾಗಿ ಪ್ಯಾರಿಸ್ ನಗರಕ್ಕೆ ಬಂದಾಗ ಆತನಲ್ಲಿದ್ದ ಬಂಡವಾಳ ಅಂದವಾದ ಕೈಬರಹ ಮತ್ತು ಅಷ್ಟಿಷ್ಟು ನಕ್ಷೆ ಬರೆಯುವ ಕೌಶಲ, ಇಷ್ಟೆ. ನೌಕಾಪಡೆಯ ಖಗೋಳಜ್ಞ ದೆಲಿಲ್ ಈ ಬರವಣಿಗೆಯನ್ನು ಮೆಚ್ಚಿ ಆತನನ್ನು ಕೆಲಸಕ್ಕಿಟ್ಟುಕೊಂಡನು. ಚೀನಾದ ಮಹಾಗೋಡೆಯ ನಕ್ಷೆಯನ್ನು ಪ್ರತಿಮಾಡುವುದು ಆತನಿಗೆ ಸಿಕ್ಕ ಮೊದಲ ಕೆಲಸಗಳಲ್ಲಿ ಒಂದು. ಕ್ಲೂನಿ ಭವನವೆಂಬ ಹಳೆಯ ಕಟ್ಟಡದ ಗೋಪುರದ ಮೇಲೆ ಒಂದು ಸಣ್ಣ ವೇಧಶಾಲೆಯಿತ್ತು. ನಕ್ಷೆ ಬರೆಯಲು ಬಂದ ಗುಮಾಸ್ತ ರಾತ್ರಿಯ ಹೊತ್ತು ಅಲ್ಲಿ ನಕ್ಷತ್ರಗಳನ್ನು ಅಳೆಯುವುದನ್ನು ಕಲಿತನು. ವಿಶ್ವವಿದ್ಯಾನಿಲಯದ ಪದವಿಯಾಗಲಿ, ಉನ್ನತ ಗಣಿತವಾಗಲಿ ಆತನಿಗೆ ಇರಲಿಲ್ಲ. ಕಣ್ಣು, ತಾಳ್ಮೆ, ಅಚ್ಚುಕಟ್ಟು ಈ ಮೂರೇ ಆತನ ಆಸ್ತಿ.

ಆಗ ಯೂರೋಪಿನ ವಿದ್ವಾಂಸರೆಲ್ಲ ಹ್ಯಾಲಿಯ ಧೂಮಕೇತುವಿನ ದಾರಿ ಕಾಯುತ್ತಿದ್ದರು. ಅದು ೧೭೫೮ರ ಸುಮಾರಿಗೆ ಮರಳಿ ಬರುವುದೆಂದು ಹ್ಯಾಲಿ ಲೆಕ್ಕ ಹಾಕಿದ್ದನು. ಅದು ಬರಬಹುದಾದ ಹಾದಿಯನ್ನು ದೆಲಿಲ್ ಒಂದು ಪಟದಲ್ಲಿ ಗುರುತಿಸಿ ಶಿಷ್ಯನ ಕೈಗೆ ಕೊಟ್ಟನು. ಮೆಸ್ಸಿಯೇ ಒಂದು ವರ್ಷಕ್ಕೂ ಮಿಕ್ಕಿ ಆ ಹಾದಿಯನ್ನೇ ಜಾಲಾಡಿದನು. ಆದರೆ ಪಟವೇ ತಪ್ಪಾಗಿತ್ತು! ಕೊನೆಗೆ ೧೭೫೯ರ ಜನವರಿ ೨೧ರಂದು ಪಟವನ್ನು ಬಿಟ್ಟು ಬೇರೆ ಕಡೆ ನೋಡಿದಾಗ ಧೂಮಕೇತು ಸಿಕ್ಕಿತು. ಗುರುವಾದರೋ ಈ ಸುದ್ದಿಯನ್ನು ಏಪ್ರಿಲ್ ತಿಂಗಳವರೆಗೆ ಯಾರಿಗೂ ಹೇಳಗೊಡಲಿಲ್ಲ. ಅಷ್ಟರಲ್ಲಿ, ಜರ್ಮನಿಯ ಡ್ರೆಸ್ಡೆನ್ ಬಳಿಯ ಪಾಲಿಟ್ಶ್ ಎಂಬ ರೈತನೊಬ್ಬನು ೧೭೫೮ರ ಕ್ರಿಸ್ಮಸ್ ರಾತ್ರಿಯೇ ಅದನ್ನು ಕಂಡಿದ್ದ ವಿಷಯ ಬೆಳಕಿಗೆ ಬಂದಿತು. ಮೆಸ್ಸಿಯೇಯ ಮೊದಲ ದೊಡ್ಡ ಪರಿಶ್ರಮ ಹೀಗೆ ಮಣ್ಣುಪಾಲಾಯಿತು. ಆತನು ಗುರುವಿನೊಡನೆ ಜಗಳವಾಡಲಿಲ್ಲ. ತನ್ನ ಕೆಲಸವನ್ನೂ ಬಿಡಲಿಲ್ಲ.

ಈ ಹುಡುಕಾಟದ ದಿನಗಳಲ್ಲೇ ಇನ್ನೊಂದು ಸಂಗತಿ ನಡೆದಿತ್ತು. ೧೭೫೮ರಲ್ಲಿ ವೃಷಭರಾಶಿಯ ಕೊಂಬಿನ ಬಳಿ ಒಂದು ಮಸುಕು ಬೆಳಕು ಕಂಡಿತು. ನೋಟಕ್ಕೆ ಧೂಮಕೇತುವೇ ಸರಿ. ಆದರೆ ಧೂಮಕೇತುವಾಗಿದ್ದರೆ ದಿನದಿಂದ ದಿನಕ್ಕೆ ಸ್ಥಳ ಬದಲಿಸಬೇಕು, ಇದು ಕದಲಲಿಲ್ಲ. ಇಂತಹ ಮೋಸಗಾರ ಮಸುಕುಗಳು ಆಕಾಶದಲ್ಲಿ ಇನ್ನೆಷ್ಟಿವೆಯೋ, ಅವುಗಳ ಸ್ಥಳವನ್ನು ಬರೆದಿಟ್ಟರೆ ತನಗೂ ಇತರರಿಗೂ ವ್ಯರ್ಥ ಶ್ರಮ ತಪ್ಪೀತು ಎಂದು ಮೆಸ್ಸಿಯೇಗೆ ತೋರಿತು. ಪಟ್ಟಿ ಹುಟ್ಟಿದ್ದು ಹೀಗೆ.

೧೭೬೪ರಲ್ಲಿ ಈ ಕೆಲಸವನ್ನು ಪಟ್ಟುಹಿಡಿದು ಮಾಡಿದನು. ಮೇ ೨೩ರ ರಾತ್ರಿ ದೂರದರ್ಶಕ ಸರ್ಪದ ತಲೆಯತ್ತ ತಿರುಗಿತ್ತು. ದುಂಡಗಿನ, ಅಂದವಾದ ಒಂದು ಮಸುಕು ಕಂಡಿತು. ಅದರಲ್ಲಿ ನಕ್ಷತ್ರಗಳಾವುವೂ ಇಲ್ಲವೆಂದು ಆತನು ಗುರುತು ಹಾಕಿದನು. ಪಟ್ಟಿಯಲ್ಲಿ ಇದು ಐದನೆಯದು. ಜೂನ್ ೩ರಂದು ಸರ್ಪದ ಬಾಲದ ಬಳಿ ಸಣ್ಣ ನಕ್ಷತ್ರಗಳ ಗುಂಪೊಂದು ಸಿಕ್ಕಿತು. ಆ ನಕ್ಷತ್ರಗಳ ನಡುವೆ ತೆಳುವಾದ ಬೆಳಕು ಬೆರೆತಿರುವುದನ್ನೂ ಆತನು ಬರೆದುಕೊಂಡನು. ಇದು ಹದಿನಾರನೆಯದು. ಮೊದಲನೆಯದನ್ನು ೧೭೦೨ರಲ್ಲೇ ಕಿರ್ಖ್ ಎಂಬವನೂ, ಎರಡನೆಯದರ ನಕ್ಷತ್ರಗಳನ್ನು ಮೆಸ್ಸಿಯೇಗಿಂತ ಸುಮಾರು ಇಪ್ಪತ್ತು ವರ್ಷ ಮೊದಲು ದ ಶೆಸೋ ಎಂಬವನೂ ಕಂಡಿದ್ದರು. ಆದರೆ ಆ ತೆಳುಬೆಳಕನ್ನು ಗುರುತಿಸಿ ಬರೆದವರಲ್ಲಿ ಮೆಸ್ಸಿಯೇಯೇ ಮೊದಲಿಗನು. ಆತನ ದೂರದರ್ಶಕಗಳಾದರೋ ಇಂದಿನ ಮೂರು ನಾಲ್ಕು ಅಂಗುಲದ ದೂರದರ್ಶಕಕ್ಕಿಂತ ಹೆಚ್ಚು ಬಲವುಳ್ಳವಲ್ಲ.

ಕೀರ್ತಿ ನಿಧಾನವಾಗಿ ಬಂದಿತು. ೧೭೬೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿತು. ೧೭೭೦ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಬಾಗಿಲು ತೆರೆಯಿತು. ದೊರೆ ಹದಿನೈದನೆಯ ಲೂಯಿ ಆತನನ್ನು ಧೂಮಕೇತುಗಳನ್ನು ಬಿಲದಿಂದ ಹೊರಗೆಳೆಯುವ ಮುಂಗುಸಿಯಂತಹ ಪ್ರಾಣಿಗೆ ಹೋಲಿಸಿ ಹಾಸ್ಯ ಮಾಡಿದನಂತೆ.

ಅದೇ ೧೭೭೦ರ ಕೊನೆಯಲ್ಲಿ ವಿವಾಹವಾಯಿತು. ಸುಖ ಬಹಳ ದಿನ ನಿಲ್ಲಲಿಲ್ಲ. ೧೭೭೨ರ ಮಾರ್ಚ್ ೧೫ರಂದು ಗಂಡು ಮಗು ಹುಟ್ಟಿತು. ೨೩ರಂದು ಬಾಣಂತಿ ತೀರಿಕೊಂಡಳು. ೨೬ರಂದು ಮಗುವೂ ಹೋಯಿತು. ಆ ತಿಂಗಳಲ್ಲೇ ಲಿಮೋಜ್ ಊರಿನ ಮೊಂತೇನ್ ಎಂಬವನು ಹೊಸ ಧೂಮಕೇತುವೊಂದನ್ನು ಕಂಡುಹಿಡಿದಿದ್ದನು. ಮೆಸ್ಸಿಯೇ ಹೆಂಡತಿಗಿಂತ ಕೈತಪ್ಪಿದ ಧೂಮಕೇತುವಿಗಾಗಿ ಹೆಚ್ಚು ಅತ್ತನೆಂಬ ಕುಹಕದ ಕಥೆಯನ್ನು ಪ್ಯಾರಿಸ್ಸಿನ ಸಾಹಿತಿಯೊಬ್ಬನು ಹರಡಿದನು. ಹನ್ನೊಂದೇ ದಿನಗಳಲ್ಲಿ ತಂದೆಯಾಗಿ, ವಿಧುರನಾಗಿ, ಮಗುವನ್ನೂ ಮಣ್ಣಿಗಿಟ್ಟು ಬಂದವನ ಬಗ್ಗೆ ಇಂತಹ ಮಾತನ್ನು ಆಡುವವರ ನಾಲಿಗೆಯನ್ನು ಏನೆನ್ನಬೇಕು!

ಪಟ್ಟಿಯ ಮೊದಲ ಭಾಗ ೪೫ ಮಸುಕುಗಳೊಡನೆ ೧೭೭೪ರಲ್ಲಿ ಅಚ್ಚಾಯಿತು. ಕಿರಿಯ ಮಿತ್ರ ಮೆಶೇನನ ನೆರವಿನಿಂದ ೧೭೮೧ರಲ್ಲಿ ಅದು ೧೦೩ಕ್ಕೆ ಬೆಳೆಯಿತು. ಅದೇ ವರ್ಷದ ನವೆಂಬರಿನಲ್ಲಿ ಉದ್ಯಾನವೊಂದರಲ್ಲಿ ತಿರುಗಾಡುತ್ತಿದ್ದಾಗ ಮಂಜುಗಡ್ಡೆ ಕೂಡಿಡುವ ನೆಲಮಾಳಿಗೆಯೊಳಕ್ಕೆ ಬಿದ್ದು ಕೈ, ತೊಡೆ, ಪಕ್ಕೆಲುಬುಗಳನ್ನು ಮುರಿದುಕೊಂಡನು. ಒಂದು ವರ್ಷ ಹಾಸಿಗೆ ಹಿಡಿದು, ೧೭೮೨ರ ನವೆಂಬರ್ ೧೨ರಂದು ಬುಧಗ್ರಹವು ಸೂರ್ಯಬಿಂಬವನ್ನು ಹಾಯುವ ದಿನ ಮತ್ತೆ ದೂರದರ್ಶಕದ ಮುಂದೆ ಕುಳಿತನು.

ಮುಂದೆ ಫ್ರಾನ್ಸಿನ ಮಹಾಕ್ರಾಂತಿ ಬಂದಿತು. ಸಂಬಳ, ವಿಶ್ರಾಂತಿವೇತನ ಎಲ್ಲವೂ ನಿಂತುಹೋದುವು. ರಾತ್ರಿಯ ದೀಪಕ್ಕೆ ಎಣ್ಣೆಯಿಲ್ಲದೆ ಗೆಳೆಯ ಲಲಾಂಡನಿಂದ ಕಡ ತರುವ ಸ್ಥಿತಿ ಒದಗಿತು. ೧೭೯೩ರ ಸೆಪ್ಟೆಂಬರಿನಲ್ಲಿ ಮೆಸ್ಸಿಯೇ ಒಂದು ಧೂಮಕೇತುವನ್ನು ಕಂಡನು. ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಆತನ ಲೆಕ್ಕಗಳನ್ನು ಬಹುಕಾಲದಿಂದ ಮಾಡಿಕೊಡುತ್ತಿದ್ದ ಸ್ನೇಹಿತ ಬೊಶಾರ್ ದ ಸಾರೋನ್ ಆಗ ಸೆರೆಮನೆಯಲ್ಲಿದ್ದನು. ಅಲ್ಲಿಂದಲೇ ಆ ಧೂಮಕೇತು ಮತ್ತೆ ಎಲ್ಲಿ ಕಾಣುವುದೆಂದು ಗುಣಿಸಿ ತಿಳಿಸಿದನು. ಡಿಸೆಂಬರಿನಲ್ಲಿ ಮೆಸ್ಸಿಯೇ ಅಲ್ಲಿ ನೋಡಿದಾಗ ಅದು ಸಿಕ್ಕಿತು. ಲೆಕ್ಕ ಸರಿಯಾಯಿತೆಂಬ ಸುದ್ದಿಯನ್ನು ಗುಟ್ಟಾಗಿ ಸೆರೆಮನೆಗೆ ಮುಟ್ಟಿಸಿದನು. ೧೭೯೪ರ ಏಪ್ರಿಲ್ ೨೦ರಂದು ಸಾರೋನನ ತಲೆ ಗಿಲೋಟಿನ್ನಿಗೆ ಬಲಿಯಾಯಿತು.

೧೮೦೬ರಲ್ಲಿ ನೆಪೋಲಿಯನ್ ಚಕ್ರವರ್ತಿ ಮೆಸ್ಸಿಯೇಗೆ ಗೌರವಪದಕ ಕೊಟ್ಟನು. ಮುದುಕ ಖಗೋಳಜ್ಞನೂ ಇದಕ್ಕೆ ಮರುಳಾದನು. ೧೭೬೯ರಲ್ಲಿ ತಾನು ಕಂಡ ಧೂಮಕೇತು ಚಕ್ರವರ್ತಿಯ ಜನ್ಮವನ್ನು ಸಾರಲು ಬಂದುದೆಂದು ೧೮೦೮ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದನು. ಬಾಳೆಲ್ಲ ಧೂಮಕೇತುಗಳನ್ನು ಅಳೆದವನ ಕೈಯಿಂದ ಇಂತಹ ಮಾತು ಬರಬಾರದಿತ್ತು. ೧೮೧೭ರ ಏಪ್ರಿಲ್ ೧೨ರಂದು, ೮೬ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿಯೇ ಕಣ್ಣು ಮುಚ್ಚಿದನು.

ಆತನು ಕಂಡುಹಿಡಿದ ಹದಿಮೂರು ಧೂಮಕೇತುಗಳ ಹೆಸರನ್ನು ಇಂದು ಹೇಳಬಲ್ಲವರು ವಿರಳ. ಪಟ್ಟಿಯಾದರೋ ಬೇರೆಯೇ ದಾರಿ ಹಿಡಿಯಿತು. ಇಂಗ್ಲೆಂಡಿನಲ್ಲಿದ್ದ ವಿಲಿಯಂ ಹರ್ಷೆಲ್ ಅದನ್ನು ಓದಿ, ಆ ಮಸುಕುಗಳನ್ನೇ ದೊಡ್ಡ ದೂರದರ್ಶಕದಿಂದ ನೋಡತೊಡಗಿದನು. ೧೭೯೧ರಲ್ಲಿ ಸರ್ಪದ ತಲೆಯ ಮಸುಕನ್ನು ನೋಡಿದಾಗ ಅದರಲ್ಲಿ ಸುಮಾರು ಇನ್ನೂರು ನಕ್ಷತ್ರಗಳನ್ನು ಎಣಿಸಿದನು. ಮೆಸ್ಸಿಯೇ ಒಂದೂ ನಕ್ಷತ್ರವಿಲ್ಲವೆಂದು ಬರೆದಿದ್ದ ಆ ಗುಚ್ಛದಲ್ಲಿ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳಿವೆಯೆಂಬುದು ಇಂದು ತಿಳಿದಿದೆ. ಅವು ವಿಶ್ವದ ಅತ್ಯಂತ ಹಳೆಯ ನಕ್ಷತ್ರಗಳಿಗೆ ಸೇರಿದವು. ದೂರ ಸುಮಾರು ೨೪,೫೦೦ ಜ್ಯೋತಿರ್ವರ್ಷ.

ಬಾಲದ ಮಸುಕು ಇದಕ್ಕೆ ತೀರ ಬೇರೆ. ಅದು ಆರು ಏಳು ಸಾವಿರ ಜ್ಯೋತಿರ್ವರ್ಷ ದೂರದಲ್ಲಿರುವ ಅನಿಲ ಮತ್ತು ಧೂಳಿನ ಮೋಡ. ರೆಕ್ಕೆ ಬಿಚ್ಚಿದ ಹಕ್ಕಿಯ ಆಕಾರದಿಂದಾಗಿ ಅದಕ್ಕೆ ಗರುಡ ನೀಹಾರಿಕೆಯೆಂದು ಹೆಸರಾಯಿತು. ಹಾವಿನ ಬಾಲದಲ್ಲಿ ಗರುಡ! ೧೯೯೫ರಲ್ಲಿ ಹಬಲ್ ದೂರದರ್ಶಕವೂ, ೨೦೨೨ರಲ್ಲಿ ವೆಬ್ ದೂರದರ್ಶಕವೂ ಇದರ ನಡುವಣ ಮೂರು ಧೂಳಿನ ಕಂಬಗಳ ಚಿತ್ರ ತೆಗೆದುವು. ಒಂದೊಂದು ಕಂಬವೂ ಹಲವು ಜ್ಯೋತಿರ್ವರ್ಷಗಳಷ್ಟು ಎತ್ತರ. ಅವುಗಳೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಅಂದು ಡ್ಯೂರರ್ ಬರೆದ ಹಾವಿನಂತೆಯೇ ಇಂದು ಈ ಕಂಬಗಳ ಚಿತ್ರವೂ ಮನೆಗಳ ಗೋಡೆಗಳನ್ನೂ ಪುಸ್ತಕಗಳ ಹೊದಿಕೆಗಳನ್ನೂ ಅಲಂಕರಿಸಿದೆ.

ಒಂದೇ ಹಾವಿನ ತಲೆಯಲ್ಲಿ ಮುದಿ ನಕ್ಷತ್ರಗಳು, ಬಾಲದಲ್ಲಿ ಎಳೆಯ ನಕ್ಷತ್ರಗಳು. ಎರಡನ್ನೂ ಕಂಡ ಮೆಸ್ಸಿಯೇಗೆ ಇದಾವುದೂ ತಿಳಿದಿರಲಿಲ್ಲ. ಆತನು ಮಾಡಿದ್ದು ಇಷ್ಟೆ: ತನಗೆ ಬೇಡವಾದುದನ್ನೂ ಉದಾಸೀನ ಮಾಡದೆ, ಅದರ ಸ್ಥಳವನ್ನು ಸರಿಯಾಗಿ ಅಳೆದು, ಕಂಡದ್ದನ್ನು ಕಂಡಂತೆ ಬರೆದು, ಮುಂದಿನವರ ಕೈಗೆ ಕೊಟ್ಟನು. ನಾವು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿಯೋ ಗ್ರಂಥಾಲಯದಲ್ಲಿಯೋ ನಮ್ಮ ಉತ್ತರಕ್ಕೆ ಹೊಂದದ ಸಂಗತಿಯನ್ನು ಅಳಿಸಿಹಾಕಲು ರಬ್ಬರನ್ನು ಕೈಗೆ ತೆಗೆದುಕೊಂಡಾಗ, ಕ್ಲೂನಿ ಗೋಪುರದ ಆ ಗುಮಾಸ್ತನನ್ನು ಒಂದು ಗಳಿಗೆ ನೆನೆಯುವುದು ಒಳ್ಳೆಯದು.