ಆಜ್ಞೆ ಮತ್ತು ಅಂತಃಸಾಕ್ಷಿ: ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ಬದುಕು

ಗುರುಹಿರಿಯರ ಮಾತನ್ನು ಮೀರಬಾರದೆಂದು ಮಕ್ಕಳಿಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಕಲಿಸುತ್ತೇವೆ. ವಿಧೇಯತೆ ಸದ್ಗುಣವೇ ಸರಿ. ಆದರೆ ಆಜ್ಞೆಯೇ ಅನ್ಯಾಯದ್ದಾದಾಗ ಸಾಮಾನ್ಯ ಮನುಷ್ಯನು ಏನು ಮಾಡುತ್ತಾನೆ? ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ತಂದವರು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್. ದೊರೆತ ಉತ್ತರವು ಅವರನ್ನೂ ಜಗತ್ತನ್ನೂ ಕಳವಳಕ್ಕೀಡುಮಾಡಿತು.

ಮಿಲ್‌ಗ್ರಾಮ್ ಜನಿಸಿದ್ದು 1933ರ ಆಗಸ್ಟ್ 15ರಂದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ. ಪೂರ್ವ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬ ಅವರದು. ತಂದೆ ಬ್ರೆಡ್ಡು, ಕೇಕು ತಯಾರಿಸುವ ವೃತ್ತಿಯವರು. ಬಾಲಕನಾಗಿದ್ದಾಗಲೇ ಎರಡನೆಯ ಮಹಾಯುದ್ಧ ನಡೆಯಿತು. ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಸಂಗತಿ ಅವರ ಮನಸ್ಸಿನಿಂದ ಎಂದೂ ಮರೆಯಾಗಲಿಲ್ಲ.

ಕ್ವೀನ್ಸ್ ಕಾಲೇಜಿನಲ್ಲಿ ರಾಜ್ಯಶಾಸ್ತ್ರವನ್ನು ಓದಿ 1954ರಲ್ಲಿ ಪದವಿ ಪಡೆದ ಅವರು ಬಳಿಕ ಮನಶ್ಶಾಸ್ತ್ರದ ಕಡೆಗೆ ಹೊರಳಿದರು. ಹಾರ್ವರ್ಡ್‌ನಲ್ಲಿ ಗಾರ್ಡನ್ ಆಲ್ಪೋರ್ಟ್ ಅವರ ಮಾರ್ಗದರ್ಶನ ದೊರೆಯಿತು. ಗುಂಪಿನ ಅಭಿಪ್ರಾಯಕ್ಕೆ ವ್ಯಕ್ತಿ ಹೇಗೆ ಮಣಿಯುತ್ತಾನೆಂಬುದನ್ನು ತೋರಿಸಿದ ಸಾಲಮನ್ ಆಶ್ ಅವರೊಡನೆಯೂ ಮಿಲ್‌ಗ್ರಾಮ್ ದುಡಿದರು. ನಾರ್ವೆ ಮತ್ತು ಫ್ರಾನ್ಸ್ ದೇಶಗಳಲ್ಲಿ ಅದೇ ವಿಷಯವನ್ನು ಪರಿಶೀಲಿಸಿ 1960ರಲ್ಲಿ ಡಾಕ್ಟರೇಟ್ ಗಳಿಸಿ, ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು.

1961ರ ಏಪ್ರಿಲ್‌ನಲ್ಲಿ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್‌ನ ವಿಚಾರಣೆ ಆರಂಭವಾಯಿತು. ತಾನು ಮೇಲಿನವರ ಆಜ್ಞೆಯನ್ನು ಪಾಲಿಸಿದೆನಷ್ಟೇ ಎಂಬುದು ಅವನ ಸಮರ್ಥನೆಯಾಗಿತ್ತು. ಅದೇ ವರ್ಷ ಮಿಲ್‌ಗ್ರಾಮ್ ತಮ್ಮ ಪ್ರಯೋಗಗಳನ್ನು ಆರಂಭಿಸಿದರು.

ಜ್ಞಾಪಕಶಕ್ತಿಯ ಅಧ್ಯಯನಕ್ಕೆ ಜನರು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ನೀಡಲಾಯಿತು. ಒಂದು ಗಂಟೆಗೆ 4 ಡಾಲರ್ ಸಂಭಾವನೆ, ಪ್ರಯಾಣಕ್ಕೆ 50 ಸೆಂಟ್. ಬಂದವನಿಗೆ ಶಿಕ್ಷಕನ ಪಾತ್ರ. ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಬಿಗಿಯಲ್ಪಟ್ಟ ವಿದ್ಯಾರ್ಥಿಯು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ವಿದ್ಯುತ್ ಶಾಕ್ ಕೊಡಬೇಕು. ಯಂತ್ರದಲ್ಲಿ 15ರಿಂದ 450 ವೋಲ್ಟ್‌ವರೆಗೆ 30 ಸ್ವಿಚ್ಚುಗಳು. ವಿದ್ಯಾರ್ಥಿಯು ವಾಸ್ತವವಾಗಿ ನಟನೆ ಮಾಡುತ್ತಿದ್ದವನು. ಅವನಿಗೆ ಶಾಕ್ ತಗುಲುತ್ತಲೇ ಇರಲಿಲ್ಲ. ಆದರೆ ಇದು ಶಿಕ್ಷಕನಿಗೆ ತಿಳಿಯದು. 300 ವೋಲ್ಟ್ ತಲುಪಿದಾಗ ಗೋಡೆ ಬಡಿಯುವ ಸದ್ದು, ಸ್ವಲ್ಪದರಲ್ಲೇ ಮೌನ. ಶಿಕ್ಷಕ ಹಿಂಜರಿದರೆ, ನಿಲುವಂಗಿ ತೊಟ್ಟ ಪ್ರಯೋಗಕಾರನು ಮುಂದುವರಿಸುವಂತೆ ಶಾಂತವಾಗಿ ಸೂಚಿಸುತ್ತಿದ್ದನು. ಬೆದರಿಕೆಯಿಲ್ಲ, ದಂಡನೆಯಿಲ್ಲ.

ಸಾವಿರಕ್ಕೆ ಒಬ್ಬರಷ್ಟೇ ಕೊನೆಯ ಸ್ವಿಚ್ಚನ್ನು ಒತ್ತಬಹುದೆಂದು ಮನೋವೈದ್ಯರು ಊಹಿಸಿದ್ದರು. ಒತ್ತಿದವರು 40 ಮಂದಿಯಲ್ಲಿ 26! ಅವರಾರೂ ಕ್ರೂರಿಗಳಲ್ಲ. ಬೆವರಿದರು, ನಡುಗಿದರು, ತೊದಲಿದರು, ಆದರೂ ಒತ್ತಿದರು.

ಮಿಲ್‌ಗ್ರಾಮ್ ಅಷ್ಟಕ್ಕೇ ನಿಲ್ಲಲಿಲ್ಲ. ಸನ್ನಿವೇಶವನ್ನು ಬಗೆಬಗೆಯಾಗಿ ಬದಲಿಸಿ ನೋಡಿದರು. ವಿದ್ಯಾರ್ಥಿಯನ್ನು ಅದೇ ಕೋಣೆಯಲ್ಲಿ ಕೂರಿಸಿದಾಗ ಕೊನೆಯವರೆಗೆ ಹೋದವರು 40ರಲ್ಲಿ 16. ಆಜ್ಞೆಯು ಫೋನಿನ ಮೂಲಕ ಬಂದಾಗ ಪಾಲಿಸಿದವರು ಐದರಲ್ಲೊಂದು ಭಾಗದಷ್ಟು ಮಾತ್ರ. ಜೊತೆಯಲ್ಲಿದ್ದ ಇಬ್ಬರು ಕಣ್ಣೆದುರೇ ನಿರಾಕರಿಸಿದಾಗ ಕೊನೆಯವರೆಗೆ ಹೋದವರು 40ರಲ್ಲಿ ಕೇವಲ 4.

1963ರಲ್ಲಿ ಫಲಿತಾಂಶ ಪ್ರಕಟವಾದಾಗ ಕೀರ್ತಿಯ ಜೊತೆಗೆ ಖಂಡನೆಯೂ ಬಂತು. ನಂಬಿ ಬಂದವರನ್ನು ವಂಚಿಸಿ ಮಾನಸಿಕ ಯಾತನೆಗೆ ಒಡ್ಡಿದ್ದು ಸರಿಯಲ್ಲವೆಂದು ಡಯಾನಾ ಬೌಮ್‌ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ 1964ರಲ್ಲಿ ಟೀಕಿಸಿದರು. ಆಕ್ಷೇಪದಲ್ಲಿ ಹುರುಳಿತ್ತು, ಮನುಷ್ಯರ ಮೇಲಿನ ಪ್ರಯೋಗಗಳಿಗೆ ಮುಂದೆ ಬಿಗಿಯಾದ ನಿಯಮಗಳು ಬರಲು ಇಂತಹ ಚರ್ಚೆಗಳೂ ಕಾರಣವಾದವು. ಹಾರ್ವರ್ಡ್‌ಗೆ ಮರಳಿದ ಮಿಲ್‌ಗ್ರಾಮ್‌ಗೆ ಅಲ್ಲಿ ಖಾಯಂ ಹುದ್ದೆ ದೊರೆಯಲಿಲ್ಲ. 1967ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯವನ್ನು ಸೇರಿ ಕೊನೆಯವರೆಗೂ ಅಲ್ಲಿಯೇ ದುಡಿದರು. ಅಪರಿಚಿತರಿಬ್ಬರನ್ನು ಪರಿಚಿತರ ಕಿರುಸರಪಳಿಯೊಂದು ಜೋಡಿಸಬಲ್ಲುದೆಂದು ತೋರಿಸಿದ ಅಧ್ಯಯನವೂ ಅವರದೇ. ವಿಧೇಯತೆಯ ಕುರಿತ ಅವರ ಗ್ರಂಥ 1974ರಲ್ಲಿ ಹೊರಬಂತು. 1984ರ ಡಿಸೆಂಬರ್ 20ರಂದು, 51ರ ವಯಸ್ಸಿನಲ್ಲಿ ಅವರು ಹೃದಯಾಘಾತದಿಂದ ನಿಧನರಾದರು.

ಪ್ರಯೋಗದ ಧ್ವನಿಮುದ್ರಿಕೆಗಳನ್ನು ಪರಿಶೀಲಿಸಿದ ಇತ್ತೀಚಿನ ಸಂಶೋಧಕರು, ಭಾಗವಹಿಸಿದ ಕೆಲವರಿಗೆ ಮೊದಲೇ ಸಂಶಯವಿತ್ತೆಂದೂ ಪ್ರಯೋಗಕಾರನ ಒತ್ತಾಯ ವರದಿಯಲ್ಲಿರುವುದಕ್ಕಿಂತ ಹೆಚ್ಚಾಗಿತ್ತೆಂದೂ ಹೇಳಿದ್ದಾರೆ. ಈ ಚರ್ಚೆ ಮುಗಿದಿಲ್ಲ.

ಆದರೂ ಹೆತ್ತವರು ಮತ್ತು ಅಧ್ಯಾಪಕರು ಮನಗಾಣಬೇಕಾದ ಮಾತೊಂದಿದೆ. 26 ಎಂಬ ಸಂಖ್ಯೆ ನಮ್ಮನ್ನು ಎಚ್ಚರಿಸುತ್ತದೆ. 4 ಎಂಬ ಸಂಖ್ಯೆ ಧೈರ್ಯ ತುಂಬುತ್ತದೆ. ತಪ್ಪನ್ನು ತಪ್ಪೆಂದು ಹೇಳುವವರು ಪಕ್ಕದಲ್ಲಿದ್ದರೆ ಇನ್ನೊಬ್ಬನಿಗೂ ನಾಲಗೆ ಬರುತ್ತದೆ. ನಮ್ಮ ಮಕ್ಕಳು ಹಿರಿಯರನ್ನು ಗೌರವಿಸಲಿ. ಜೊತೆಗೆ, ಇನ್ನೊಬ್ಬರನ್ನು ನೋಯಿಸೆಂಬ ಮಾತು ಯಾರ ಬಾಯಿಂದ ಬಂದರೂ ಒಲ್ಲೆನೆನ್ನುವುದನ್ನೂ ಕಲಿಯಲಿ.